ಹಾವು ಸಾಕುವ ಆಸೆಯೇ ತಮ್ಮಾ? ತುಸು ಕೇಳು

ಹಾವು ಸಾಕಬೇಕು ಅಂತೀಯಲ್ಲ ತಮ್ಮಾ, ಈ ಮಾತು ಕೇಳಿದರೆ ಮನೆಯವರು ಬೈಯುತ್ತಾರೆ, ಗೆಳೆಯರು ನಗುತ್ತಾರೆ. ನಾನು ಬೈಯುವವನೂ ಅಲ್ಲ, ನಗುವವನೂ ಅಲ್ಲ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇಂಡಿಯ ನಿಂಬೆ ತೋಟ, ಸಿಂದಗಿಯ ತೊಗರಿ ಹೊಲ, ಮುದ್ದೇಬಿಹಾಳದ ಕೃಷ್ಣಾ ದಂಡೆ, ಬಸವನ ಬಾಗೇವಾಡಿಯ ಎರಿ ಭೂಮಿ ಎಲ್ಲಿ ಹೋದರೂ ಹಾವು ನೋಡದೆ ಬೆಳೆದ ಮಕ್ಕಳಿಲ್ಲ. ನಮ್ಮ ಕಾಲದವರಿಗೆ ಹಾವು ಕಂಡರೆ ಗೊತ್ತಿದ್ದದ್ದು ಎರಡೇ. ನಾಗರ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಕೈ ಮುಗಿಯುವುದು, ಮರುದಿನ ಅದೇ ಹಾವು ಹಿತ್ತಲಿಗೆ ಬಂದರೆ ಬಡಿಗೆ ಹುಡುಕುವುದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ನಮ್ಮ ಈ ಇಬ್ಬಗೆಯನ್ನು ಹನ್ನೆರಡನೆಯ ಶತಮಾನದಲ್ಲೇ ವಚನದಲ್ಲಿ ಹಿಡಿದು ಪ್ರಶ್ನಿಸಿದ್ದಾರೆ. ನೀನು ಪೂಜೆಯನ್ನೂ ಬಡಿಗೆಯನ್ನೂ ಬಿಟ್ಟು ಅದನ್ನು ಒಂದು ಜೀವ ಎಂದು ನೋಡಲು ಹೊರಟಿದ್ದೀಯ. ಅಷ್ಟರ ಮಟ್ಟಿಗೆ ನೀನು ನಮಗಿಂತ ಮುಂದೆ.

ಆದರೆ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೋ. ಹಾವಿನ ಆರೈಕೆಯಲ್ಲಿ ಮುಕ್ಕಾಲು ಪಾಲು ಅದನ್ನು ಅದರ ಪಾಡಿಗೆ ಬಿಡುವುದೇ. ಪೆಟ್ಟಿಗೆಯೊಳಗಿನ ಹಾವಿಗೂ ಇದೇ ಮಾತು, ಒಡ್ಡಿನ ಮೇಲಿನ ಹಾವಿಗೂ ಇದೇ ಮಾತು. ಮುಂದೆ ನಾನು ಹೇಳುವುದೆಲ್ಲ ಇದರ ವಿವರ.

ಮೊದಲು ಕಾನೂನು. ಹೊಲದಲ್ಲಿ ಸಿಕ್ಕ ಹಾವನ್ನು ಡಬ್ಬಿಗೆ ಹಾಕಿಕೊಂಡು ಬಂದು ಸಾಕುವಂತಿಲ್ಲ. ಅದು ವಿಷದ್ದಲ್ಲ, ಮರಿ, ಗಾಯಗೊಂಡಿತ್ತು ಎಂಬ ಯಾವ ಮಾತೂ ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದು ಕೂಡ ಬೇಟೆಯೇ. ಈ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಾಗರ, ಕೇರೆ, ಕೊಳಕುಮಂಡಲ ಈಗ ಹುಲಿ ಇರುವ ಅದೇ ಮೊದಲ ಅನುಸೂಚಿಯಲ್ಲಿವೆ. ಆ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಹಾವಾಡಿಗರ ಬುಟ್ಟಿಗಳು ನಮ್ಮ ಸಂತೆಗಳಿಂದ ಮರೆಯಾದದ್ದೂ ಇದೇ ಕಾಯ್ದೆಯಿಂದ. ಆ ಬುಟ್ಟಿಯ ಹಾವಿನ ಹಲ್ಲು ಕಿತ್ತು, ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿ, ಪಂಚಮಿಯ ದಿನ ಹಾಲು ಕುಡಿಸುತ್ತಿದ್ದರು. ಹಾಲು ಹಾವಿನ ಆಹಾರವೇ ಅಲ್ಲ, ಅದಕ್ಕೆ ಅದು ಜೀರ್ಣವಾಗುವುದಿಲ್ಲ.

ಇನ್ನೊಂದು ಬಲೆ ಇದೆ. ಮಣ್ಣುಮುಕ್ಕ ಹಾವು ಗೊತ್ತಲ್ಲ, ಬಾಲ ಮೊಂಡಾಗಿ ತಲೆಯಂತೆಯೇ ಕಾಣುವುದು, ಜನ ಎರಡು ತಲೆ ಹಾವು ಅನ್ನುವುದು. ಅದನ್ನು ಮನೆಯಲ್ಲಿಟ್ಟರೆ ನಿಧಿ ಸಿಗುತ್ತದೆ, ಲಕ್ಷ್ಮಿ ಒಲಿಯುತ್ತಾಳೆ ಎಂದು ಹೇಳಿ ತೂಕದ ಮೇಲೆ ಲಕ್ಷಗಟ್ಟಲೆ ಬೆಲೆ ಕಟ್ಟುವ ದಂಧೆ ನಮ್ಮ ರಾಜ್ಯದಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಪೊಲೀಸರು ಹಿಡಿಯುತ್ತಲೇ ಇದ್ದಾರೆ. ಅದಕ್ಕೆ ಇರುವುದು ಒಂದೇ ತಲೆ, ವಿಷವಿಲ್ಲ, ಇಲಿ ತಿಂದು ಮಣ್ಣೊಳಗೆ ಬದುಕುವ ಸಾಧು ಪ್ರಾಣಿ. ಯಾರಾದರೂ ನಿನಗೆ ಮೊದಲ ಹಾವು ಎಂದು ಅದನ್ನು ಕೊಡಲು ಬಂದರೆ ಅವನ ಜೊತೆ ಚಹಾ ಕೂಡ ಕುಡಿಯಬೇಡ.

ಹಾಗಾದರೆ ಸಾಕಬಹುದಾದ ಹಾವು ಯಾವುದು? ನಮ್ಮ ನೆಲದ್ದಲ್ಲದ ಕೆಲವು. ಪೇಟೆಯ ಹುಡುಗರು ಹೆಚ್ಚಾಗಿ ಹೇಳುವುದು ಆಫ್ರಿಕಾ ಮೂಲದ ಬಾಲ್ ಪೈಥಾನ್, ಅಮೆರಿಕ ಮೂಲದ ಕಾರ್ನ್ ಸ್ನೇಕ್. ಎರಡಕ್ಕೂ ವಿಷವಿಲ್ಲ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟೀಸ್ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿ ಯಾರ ಮನೆಯಲ್ಲಿದ್ದರೂ ನೋಂದಣಿ ಆಗಲೇಬೇಕು ಎಂದು 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ನೋಂದಣಿ ಆಗುವುದು ಆ ಸರ್ಕಾರದ ಪರಿವೇಶ್ ಎಂಬ ಪೋರ್ಟಲ್‌ನಲ್ಲಿ. ಮಾರಿದರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಆದರೂ ಅದು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಬಂತು ಎಂಬ ಕಾಗದ ಕೇಳದೆ ಹಣ ಕೊಡಬೇಡ.

ಕಾಗದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಅದೇ ಸಾಮಾನಿನಲ್ಲಿ ಆರು ಕೋತಿಗಳು ಸತ್ತು ಬಿದ್ದಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬನ ಬ್ಯಾಗಿನಿಂದ ಹತ್ತು ಹಳದಿ ಅನಕೊಂಡ ಹೊರಬಂದವು. ಕಡಿಮೆ ಬೆಲೆಗೆ, ಬಿಲ್ಲಿಲ್ಲದೆ, ರಾತ್ರಿ ಬಸ್ಸಿನಲ್ಲಿ ಕಳಿಸುತ್ತೇನೆ ಎನ್ನುವವನ ಹಾವು ಇಂಥ ದಾರಿಯಲ್ಲಿ ಬಂದಿರಬಹುದು. ಅದನ್ನು ಕೊಂಡರೆ ಆ ದಾರಿಗೆ ನೀನೂ ಹಣ ಹಾಕಿದಂತೆ.

ಕಾಗದ ಸರಿಯಾದ ಮೇಲೆ ಮನೆಯ ಮಾತು. ನಮ್ಮ ಕಡೆ ಎಷ್ಟೋ ಮನೆಗಳ ಅಡುಗೆಮನೆಗೆ ಮಾಂಸ ಬರುವುದಿಲ್ಲ. ಹಾವಿಗೆ ಶಾಕಾಹಾರ ಎಂಬುದೇ ಇಲ್ಲ. ರೊಟ್ಟಿ, ಹಾಲು, ಪನೀರು ಏನೂ ನಡೆಯುವುದಿಲ್ಲ. ಅದಕ್ಕೆ ಇಡೀ ಇಲಿ ಬೇಕು. ಕೊಂದು ಶೈತ್ಯಗೊಳಿಸಿದ ಇಲಿಮರಿಗಳನ್ನು ಫ್ರೀಜರ್‌ನಲ್ಲಿ ಇಡಬೇಕು. ನಿಮ್ಮ ಅವ್ವ ಮೊಸರು, ಕೆಂಪು ಚಟ್ನಿ ಇಡುವ ಫ್ರಿಜ್‌ನಲ್ಲಿ ಇದು ಆದೀತೇ? ಮೊದಲು ಅವ್ವನನ್ನು ಕೇಳು. ಅವಳು ಬೇಡ ಅಂದರೆ ಬೇರೆ ಸಣ್ಣ ಫ್ರೀಜರ್ ಕೊಳ್ಳುವ ಶಕ್ತಿ ಬರುವವರೆಗೂ ಹಾವು ತರಬೇಡ. ಹೊಲದ ಇಲಿ ಹಿಡಿದು ಹಾಕಲೂಬೇಡ. ಅವು ಇಲಿ ಪಾಷಾಣ ತಿಂದಿರುತ್ತವೆ, ಹುಳ ಹೊತ್ತಿರುತ್ತವೆ. ಜೀವಂತ ಇಲಿ ಬಿಟ್ಟರೆ ಅದೇ ತಿರುಗಿ ಹಾವಿನ ಕಣ್ಣು, ಬೆನ್ನು ಕಚ್ಚುವುದುಂಟು.

ತಿನ್ನಿಸುವ ರೀತಿ ಸುಲಭ. ಇಲಿಯನ್ನು ರಾತ್ರಿ ಫ್ರೀಜರ್‌ನಿಂದ ತೆಗೆದು ಕೆಳಗಿನ ಖಾನೆಯಲ್ಲಿಟ್ಟು ಕರಗಿಸು, ಆಮೇಲೆ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡು, ಉದ್ದನೆಯ ಚಿಮಟದಲ್ಲಿ ಹಿಡಿದು ಕೊಡು. ಮೈಕ್ರೋವೇವ್ ಬೇಡವೇ ಬೇಡ. ಹಾವಿನ ಮೈ ಎಲ್ಲಿ ದಪ್ಪವೋ ಅಷ್ಟೇ ದಪ್ಪದ ಇಲಿ ಸಾಕು. ಮರಿಗೆ ವಾರಕ್ಕೊಮ್ಮೆ, ಬೆಳೆದದ್ದಕ್ಕೆ ಎರಡು ಮೂರು ವಾರಕ್ಕೊಮ್ಮೆ. ತಿಂದ ಮೇಲೆ ಎರಡು ದಿನ ಮುಟ್ಟಬೇಡ, ಮುಟ್ಟಿದರೆ ಕಕ್ಕಿಬಿಡುತ್ತದೆ. ಬಾಲ್ ಪೈಥಾನ್ ಚಳಿಗಾಲದಲ್ಲಿ ಕೆಲವೊಮ್ಮೆ ವಾರಗಟ್ಟಲೆ, ತಿಂಗಳುಗಟ್ಟಲೆ ಊಟ ಬಿಡುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಹಿಟ್ಟು ತೂಗುವ ಸಣ್ಣ ತಕ್ಕಡಿಯಲ್ಲಿ ತೂಕ ನೋಡುತ್ತಿರು. ತೂಕ ಇಳಿಯದಿದ್ದರೆ ಹೆದರುವ ಕಾರಣವಿಲ್ಲ, ಬಾಯಿ ಬಿಡಿಸಿ ತುರುಕಬೇಡ. ಒಂದು ನೋಟ್‌ಬುಕ್ ಇಡು: ತಿಂದ ದಿನ, ಪೊರೆ ಬಿಟ್ಟ ದಿನ, ತೂಕ. ಡಾಕ್ಟರ ಮುಂದೆ ಹೋದಾಗ ಆ ನೋಟ್‌ಬುಕ್ಕೇ ಅರ್ಧ ಉತ್ತರ.

ಇನ್ನು ಬಿಸಿಲು. ಹಾವಿಗೆ ತನ್ನ ಮೈಯ ಬಿಸಿ ತಾನೇ ಹುಟ್ಟಿಸಿಕೊಳ್ಳಲು ಬರುವುದಿಲ್ಲ, ಸುತ್ತಲಿನ ಬಿಸಿಯೇ ಗತಿ. ಹಾಗಾಗಿ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕು. ಬಾಲ್ ಪೈಥಾನ್‌ಗೆ ಬೆಚ್ಚನೆಯ ತುದಿ 31ರಿಂದ 33 ಡಿಗ್ರಿ, ತಂಪು ತುದಿ 25ರ ಆಸುಪಾಸು. ಪರದೇಶದ ಪುಸ್ತಕಗಳಲ್ಲಿ ಬೆಚ್ಚಗೆ ಮಾಡುವುದು ಹೇಗೆ ಎಂದೇ ಪುಟಗಟ್ಟಲೆ ಇದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವಾಗ ತಂಪು ಮಾಡುವುದೇ ದೊಡ್ಡ ಕೆಲಸ. ಪತ್ರಾಸಿನ ಮನೆಯಲ್ಲಿ ಹಾವು ಸಾಕುವ ಮಾತೇ ಬೇಡ, ಮಧ್ಯಾಹ್ನಕ್ಕೆ ಸತ್ತುಹೋಗುತ್ತದೆ. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯ ನಡುಕೋಣೆ ಇದ್ದರೆ ಅದೇ ಒಳ್ಳೆಯ ಜಾಗ. ಆ ಬಿಸಿ ಇಲ್ಲದ ದಿನಗಳಲ್ಲಿ, ಡಿಸೆಂಬರ್, ಜನವರಿಯ ರಾತ್ರಿಯಲ್ಲಂತೂ, ಬಿಸಿ ಪಟ್ಟಿ ಬೇಕು. ಥರ್ಮೋಸ್ಟಾಟ್ ಇಲ್ಲದೆ ಬಿಸಿ ಪಟ್ಟಿ ಹಚ್ಚಬೇಡ, ಹಾವಿಗೆ ಸುಡುವುದು ಬೇಗ ತಿಳಿಯುವುದಿಲ್ಲ, ಹೊಟ್ಟೆ ಸುಟ್ಟುಕೊಂಡು ಅಲ್ಲೇ ಮಲಗಿರುತ್ತದೆ. ಕರೆಂಟು ಹೋದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಯೋಚಿಸು.

ನಮ್ಮ ಗಾಳಿ ಒಣ ಗಾಳಿ. ಬಾಲ್ ಪೈಥಾನ್‌ಗೆ ನೂರಕ್ಕೆ 60ರ ಹತ್ತಿರ ತೇವ ಬೇಕು. ತೇವ ಕಡಿಮೆಯಾದರೆ ಪೊರೆ ಒಂದೇ ಚೀಲವಾಗಿ ಕಳಚದೆ ತುಂಡುತುಂಡಾಗುತ್ತದೆ, ಕಣ್ಣಿನ ಮೇಲಿನ ಪೊರೆ ಅಂಟಿಕೊಂಡು ಉಳಿಯುತ್ತದೆ. ತೆಂಗಿನ ನಾರಿನ ಪುಡಿ ಒದ್ದೆ ಮಾಡಿ ಒಂದು ಮುಚ್ಚಿದ ಡಬ್ಬಿಯಲ್ಲಿ ಹಾಕಿ, ಬದಿಗೆ ತೂತು ಕೊರೆದು ಒಳಗಿಡು. ಅಂಟಿದ ಪೊರೆಯನ್ನು ಉಗುರಿನಿಂದ ಎಳೆಯಬೇಡ. ಕಣ್ಣು ನೀಲಿಯಾಗಿ ಮಂಕಾದರೆ ಪೊರೆ ಬಿಡುವ ಕಾಲ ಬಂತು ಎಂದು ತಿಳಿದು ಆ ವಾರ ಮುಟ್ಟದಿರು.

ಬೆಳೆದ ಹಾವಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಪೆಟ್ಟಿಗೆ, ಬೀಗವಿರುವ ಮುಚ್ಚಳ. ಒಳಗೆ ಅಡಗಲು ಎರಡು ಗೂಡು, ಬೆಚ್ಚನೆಯ ಕಡೆ ಒಂದು, ತಂಪು ಕಡೆ ಒಂದು. ಮೈ ತೋಯುವಷ್ಟು ದೊಡ್ಡ ನೀರಿನ ಬಟ್ಟಲು. ಹಾವು ಸದಾ ಅಡಗಿಯೇ ಇರುತ್ತದೆ ಎಂದು ಗೂಡು ತೆಗೆಯಬೇಡ, ಅಡಗುವುದೇ ಅದರ ನೆಮ್ಮದಿ. ಕೊರಳಿಗೆ ಸುತ್ತಿಕೊಂಡು ಜಾತ್ರೆಯಲ್ಲಿ ತಿರುಗುವುದು, ರೀಲ್ಸ್ ಮಾಡುವುದು ಅದಕ್ಕೆ ಹಿಂಸೆ. ನಾಯಿಯಂತೆ ಅದು ನಿನ್ನನ್ನು ಕಂಡು ಬಾಲ ಅಲ್ಲಾಡಿಸುವುದಿಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಮೈಮೇಲೆ ಕರಿ ಚುಕ್ಕೆಯಂಥ ಹುಳ ಕಂಡರೆ ಡಾಕ್ಟರ ಬಳಿ ಹೋಗು. ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿ ನೋಡಿ ಪಳಗಿದವರಿದ್ದಾರೆ. ಹಾವು ನೋಡುವ ಡಾಕ್ಟರು ಎಲ್ಲಿದ್ದಾರೆ, ಫೋನಿನಲ್ಲಿ ಸಿಗುತ್ತಾರೆಯೇ ಎಂಬುದನ್ನು ಹಾವು ತರುವ ಮೊದಲೇ ಕೇಳಿಟ್ಟುಕೋ. ಮುಟ್ಟಿದ ಮೇಲೆ ಪ್ರತಿ ಸಲ ಸೋಪು ಹಚ್ಚಿ ಕೈ ತೊಳೆ. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ, ಐದು ವರ್ಷದೊಳಗಿನ ಮಕ್ಕಳು, ಬಸುರಿ, ವಯಸ್ಸಾದವರು ಅದರಿಂದ ದೂರ ಇರಬೇಕು.

ಬಾಲ್ ಪೈಥಾನ್ ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಈಗ ನಿನಗೆ ಇಪ್ಪತ್ತು ವರ್ಷವಾಗಿದ್ದರೆ ಅದು ಸಾಯುವ ಹೊತ್ತಿಗೆ ನಿನ್ನ ಮಕ್ಕಳು ಕಾಲೇಜಿಗೆ ಹೋಗುತ್ತಿರುತ್ತಾರೆ. ನಡುವೆ ಕೆಲಸಕ್ಕೆ ಪುಣೆಗೋ ಬೆಂಗಳೂರಿಗೋ ಹೋಗುತ್ತೀಯ, ಮದುವೆಯಾಗುತ್ತೀಯ, ಬಾಡಿಗೆ ಮನೆಯವರು ಹಾವು ಬೇಡ ಅನ್ನುತ್ತಾರೆ. ಆಗ ಬೇಸರವಾಗಿ ಭೀಮಾ ದಂಡೆಯಲ್ಲೋ ಆಲಮಟ್ಟಿ ಹಿನ್ನೀರಿನಲ್ಲೋ ಬಿಟ್ಟುಬಿಟ್ಟರೆ? ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರು ಬಿಟ್ಟ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಹೆಚ್ಚಿ, ಅಲ್ಲಿನ ಮೊಲ, ರಕೂನ್‌ಗಳನ್ನು ಬಹುಮಟ್ಟಿಗೆ ಮುಗಿಸಿಬಿಟ್ಟಿವೆ. ಸರ್ಕಾರ ಹಣ ಕೊಟ್ಟು ಹಿಡಿಸಿದರೂ ಮುಗಿಯುತ್ತಿಲ್ಲ. ತಂದ ಹಾವನ್ನು ಬಯಲಿಗೆ ಬಿಡುವ ದಾರಿ ಇಲ್ಲವೆಂದೇ ತಿಳಿ.

ಇನ್ನೂ ಒಂದು ಅಪಾಯ ನಮ್ಮ ಕಡೆಯದೇ. ಕೊಳಕುಮಂಡಲದ ಮೈಮೇಲೆ ಸರಪಳಿಯಂಥ ಕಂದು ಮಚ್ಚೆಗಳಿರುತ್ತವೆ, ಮೈ ದಪ್ಪ. ಅದನ್ನು ಹೆಬ್ಬಾವಿನ ಮರಿ ಎಂದು ತಿಳಿದು ಕೈ ಹಾಕಿ ಸತ್ತವರು ಭಾರತದಲ್ಲಿ ಇದ್ದಾರೆ. ಮನೆಯಲ್ಲಿ ಪೈಥಾನ್ ಸಾಕುವ ಹುಡುಗನಿಗೆ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ, ಏಕೆಂದರೆ ಅವನ ಕೈಯ ಹೆದರಿಕೆ ಹೋಗಿರುತ್ತದೆ. ವಿಷದ ಕಟ್ಟುಹಾವನ್ನು ವಿಷವಿಲ್ಲದ ತೋಳಹಾವು ಎಂದು ಹಿಡಿಯುವುದೂ ಹೀಗೆಯೇ. ನಿನ್ನ ಹಾವು ತಪ್ಪಿಸಿಕೊಂಡು ಓಣಿಗೆ ಹೋದರೂ ಅಷ್ಟೇ, ಮಚ್ಚೆ ಕಂಡ ಜನ ಕೊಳಕುಮಂಡಲ ಎಂದು ಬಡಿಗೆ ಎತ್ತುತ್ತಾರೆ.

ಈಗ ನಿನ್ನ ಪೆಟ್ಟಿಗೆ ಬಿಟ್ಟು ಹೊಲಕ್ಕೆ ಬಾ. ನೀನು ಕೇಳದೆಯೇ ನಿನ್ನ ಪಾಲಿಗೆ ಬಂದ ಹಾವುಗಳು ಅಲ್ಲಿವೆ. ಬೇಸಿಗೆಯಲ್ಲಿ ಎರಿ ಭೂಮಿ ಬಾಯಿ ಬಿಟ್ಟ ಬಿರುಕುಗಳಲ್ಲಿ ಇಲಿ, ಇಲಿಯ ಹಿಂದೆ ಹಾವು. ಕಾಲುವೆ ನೀರು ಬಂದು ಕಬ್ಬು ಹೆಚ್ಚಿದ ಕಡೆ ಇಲಿಯೂ ಹೆಚ್ಚು, ಹಾವೂ ಹೆಚ್ಚು. ಕೇರೆ ಹಾವು ಇಲ್ಲದ ಹೊಲದ ಜೋಳ ಯಾರ ಪಾಲಾಗುತ್ತದೆ ಎಂಬುದನ್ನು ನಿಮ್ಮ ಅಜ್ಜನನ್ನು ಕೇಳು. ಇವುಗಳ ಆರೈಕೆ ಅಂದರೆ ಇಷ್ಟೇ: ಕೇರೆಯನ್ನು ಕೊಲ್ಲದಿರುವುದು, ಹುತ್ತ ಅಗೆಯದಿರುವುದು, ಒಡ್ಡಿನ ಹುಲ್ಲಿಗೆ ಬೆಂಕಿ ಹಚ್ಚುವ ಮೊದಲು ಸದ್ದು ಮಾಡಿ ಅವಕ್ಕೆ ದಾರಿ ಕೊಡುವುದು. ಕಣಕಿ ಬಣವಿ, ಕುಳ್ಳಿನ ರಾಶಿ, ಕಟ್ಟಿಗೆ ಇವು ಮನೆಯ ಗೋಡೆಗೆ ತಾಗಿ ಇರಬಾರದು. ಮನೆಯ ಸುತ್ತ ಕಾಳು ಚೆಲ್ಲದಿದ್ದರೆ ಇಲಿ ಕಡಿಮೆ, ಇಲಿ ಕಡಿಮೆಯಾದರೆ ಹಾವೂ ಕಡಿಮೆ. ಮನೆಯೊಳಗೆ ಬಂದರೆ ನೀನು ಹಿಡಿಯಲು ಹೋಗಬೇಡ. ಮಕ್ಕಳನ್ನು ಹೊರಗೆ ಕಳಿಸಿ, ದೂರದಿಂದ ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೋ 112ಕ್ಕೋ ಫೋನ್ ಮಾಡು.

ನಮ್ಮ ಕಡೆ ಜೀವ ತೆಗೆಯುವವು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಬೆಳಗಿನ ಜಾವ ಹೊಟ್ಟೆನೋವು, ಕಣ್ಣರೆಪ್ಪೆ ಜೋಲುವುದು ಅಷ್ಟೇ. ಅದಕ್ಕೇ ಮಂಚ, ಇಲ್ಲವೇ ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ. ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ, ಕಾಲಿಗೆ ಬೂಟು. 2000ರಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಕಚ್ಚಿದರೆ ಉಂಗುರ, ಬಳೆ, ಕಾಲುಂಗುರ ತೆಗೆ. ಕೈಕಾಲು ಅಲ್ಲಾಡದಂತೆ ಪಟ್ಟಿ ಕಟ್ಟಿ ಇಡು, ರಕ್ತ ನಿಲ್ಲುವಂತೆ ಬಿಗಿಯಬೇಡ, ಕೊಯ್ಯಬೇಡ, ಹೀರಬೇಡ. ಗುಡಿಗೆ, ನಾಟಿ ಔಷಧಿಯವರ ಬಳಿಗೆ ಹೋಗಿ ಹೊತ್ತು ಕಳೆಯಬೇಡ. 108ಕ್ಕೆ ಕರೆ ಮಾಡಿ ನೇರ ತಾಲ್ಲೂಕು ಆಸ್ಪತ್ರೆಗೆ ಹೋಗು. ಆ ನಾಲ್ಕೂ ಹಾವಿಗೆ ಒಂದೇ ಮದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಆ ಮದ್ದಿಗೆ ಬೇಕಾದ ವಿಷವನ್ನು ಬಹುಪಾಲು ತೆಗೆದುಕೊಡುವವರು ತಮಿಳುನಾಡಿನ ಇರುಳ ಸಮುದಾಯದವರು. 1978ರಲ್ಲಿ ಕಟ್ಟಿದ ಅವರ ಸಹಕಾರ ಸಂಘದಲ್ಲಿ ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಯಲಿಗೆ ಬಿಡುತ್ತಾರೆ. ಹಾವಿನ ಜೊತೆ ಬದುಕುವ ವಿದ್ಯೆಯಲ್ಲಿ ಅವರೇ ನಮಗೆ ಗುರುಗಳು.

ಕೊನೆಗೆ ನನ್ನ ಸಲಹೆ. ಈ ವರ್ಷ ಹಾವು ತರಬೇಡ. ಮುಂಗಾರಿನಿಂದ ಮುಂಗಾರಿನವರೆಗೆ ನಿನ್ನ ಊರಿನ ಹಾವುಗಳನ್ನು ದೂರದಿಂದ ಗುರುತಿಸುವುದನ್ನು ಕಲಿ, ಯಾವುದು ಯಾವಾಗ ಎಲ್ಲಿ ಕಾಣುತ್ತದೆ ಎಂದು ಬರೆದಿಡು. ಒಂದು ಹಾವಿನ ಹೊಟ್ಟೆ ತುಂಬಿಸುವ ಆಸೆ ಅಷ್ಟು ತೀವ್ರವಾಗಿದ್ದರೆ ಮೈಸೂರು ಮೃಗಾಲಯದ ಪ್ರಾಣಿ ದತ್ತು ಯೋಜನೆ ಇದೆ. ಅಲ್ಲಿ ಒಂದು ಹಾವಿನ ವರ್ಷದ ಖರ್ಚು ನಿನ್ನ ಹೆಸರಿನಲ್ಲಿ ಕೊಡು, ಕಾನೂನಿನ ಕಾಟವೂ ಇಲ್ಲ, ಫ್ರಿಜ್‌ನ ಜಗಳವೂ ಇಲ್ಲ. ವರ್ಷ ಕಳೆದ ಮೇಲೂ ಆಸೆ ಹಾಗೆಯೇ ಇದ್ದರೆ, ಅವ್ವ ಒಪ್ಪಿದ್ದರೆ, ಡಾಕ್ಟರ ನಂಬರು ಕೈಯಲ್ಲಿದ್ದರೆ, ಕಾಗದ ಸಿಗುವ ಹಾವನ್ನೇ ತಾ, ಅದು ಸೈಟೀಸ್ ಪಟ್ಟಿಯದಾದರೆ ನೋಂದಣಿ ಮಾಡಿಸು. ಈ ನಾಲ್ಕರಲ್ಲಿ ಒಂದು ಕೊರತೆಯಾದರೂ ತರಬೇಡ ತಮ್ಮಾ.